ಉಪದೇಶಿಯ ಕನ್ನಡ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆ ಮತ್ತು ಕ್ರೈಸ್ತ ದೈವಶಾಸ್ತ್ರ ಶಿಕ್ಷಣ

ಕ್ರೈಸ್ತ ಮಿಶನರಿಗಳ ಕನ್ನಡ ಕಾರ್ಯವನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ನಿಘಂಟು, ವ್ಯಾಕರಣ, ಮುದ್ರಣ ಮತ್ತು ಪತ್ರಿಕೆ ಎಂಬ ನಾಲ್ಕು ನೆಲೆಗಳಲ್ಲಿ ನಡೆದಿವೆ. ಈ ಕೆಲಸಗಳ ಹಿಂದೆ ಒಂದು ಪ್ರಾಯೋಗಿಕ ಉದ್ದೇಶವಿತ್ತು. ಕನ್ನಡದಲ್ಲಿ ಉಪದೇಶ ಮಾಡಬಲ್ಲ, ಸಭೆಯನ್ನು ನಡೆಸಬಲ್ಲ ದೇಶೀಯರನ್ನು ತರಬೇತುಗೊಳಿಸುವುದೇ ಆ ಉದ್ದೇಶ. ನಿಘಂಟಿಗೆ ದೊರೆತ ವಿಮರ್ಶೆಯ ಗಮನ ಈ ಉದ್ದೇಶಕ್ಕೆ ದೊರೆತಿಲ್ಲ. ದೈವಶಾಸ್ತ್ರ ಶಿಕ್ಷಣವು ರೂಪಿಸಿದ ಕನ್ನಡ ಎಂತಹುದು, ಅದು ಯಾರ ನಡುವೆ ಆಡಬೇಕಾದ ಮಾತಾಗಿತ್ತು ಎಂಬ ಪ್ರಶ್ನೆಗಳನ್ನು ತುಮಕೂರು ಜಿಲ್ಲೆಯ ಬಡಗಣ ತಾಲ್ಲೂಕುಗಳ ಹಿನ್ನೆಲೆಯಲ್ಲಿ ವಿವೇಚಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

1. ಸಂಸ್ಥೆಗಳ ಚಲನೆ

ಕನ್ನಡ ನಾಡಿನಲ್ಲಿ ಈ ಶಿಕ್ಷಣದ ಮೊದಲ ಗಟ್ಟಿ ನೆಲೆ ಮಂಗಳೂರು. 1834ರಲ್ಲಿ ಅಲ್ಲಿಗೆ ಬಂದ ಬಾಸೆಲ್ ಮಿಶನ್, ಹರ್ಮನ್ ಮೋಗ್ಲಿಂಗ್ ಅವರ ಮುಂದಾಳತ್ವದಲ್ಲಿ 1847ರಲ್ಲಿ ಸೆಮಿನರಿಯನ್ನು ಆರಂಭಿಸಿತು. 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದವರೂ, 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಹಳೆಯ ಕನ್ನಡ ಕೃತಿಗಳನ್ನು ಅಚ್ಚಿಗೆ ತಂದವರೂ ಇದೇ ಮೋಗ್ಲಿಂಗ್. ಬಸವಪುರಾಣವನ್ನೂ ದಾಸರ ಪದಗಳನ್ನೂ ಓದಿ ಬಲ್ಲ ವ್ಯಕ್ತಿಯೇ ಉಪದೇಶಿಗಳ ಶಿಕ್ಷಕನಾಗಿದ್ದುದು ಇಲ್ಲಿ ಮುಖ್ಯ. ಆರಂಭದ ಘಟ್ಟದಲ್ಲಿ ಸಾಹಿತ್ಯದ ಓದು ಮತ್ತು ಧರ್ಮಸೇವೆಯ ತರಬೇತಿ ಬೇರೆ ಬೇರೆ ಕೋಣೆಗಳಲ್ಲಿ ಇರಲಿಲ್ಲ.

ಮೈಸೂರು ಸಂಸ್ಥಾನದಲ್ಲಿ ಈ ಕೆಲಸ ವೆಸ್ಲಿಯನ್ ಮಿಶನ್ ಮತ್ತು ಲಂಡನ್ ಮಿಶನ್‌ಗಳದ್ದು. ವೆಸ್ಲಿಯನ್ನರ ಕನ್ನಡ ಕಾರ್ಯದಲ್ಲಿ ಗುಬ್ಬಿಗೆ ವಿಶೇಷ ಸ್ಥಾನವಿದೆ. ತಾಮಸ್ ಹಡ್ಸನ್ ಮತ್ತು ವಿಲಿಯಂ ಆರ್ಥರ್ ಅಲ್ಲಿ ದುಡಿದವರು. ಆರ್ಥರ್ 1847ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ 'ಎ ಮಿಶನ್ ಟು ದಿ ಮೈಸೂರ್' ಗುಬ್ಬಿಯ ಅನುಭವದಿಂದ ಹುಟ್ಟಿದ ಕೃತಿ. ಅದರ ಓದುಗರು ಇಂಗ್ಲೆಂಡಿನವರು, ಮಾತಾಡಬೇಕಾದ ಜನ ಗುಬ್ಬಿಯವರು. ಈ ಎರಡು ಶ್ರೋತೃವರ್ಗಗಳ ನಡುವಿನ ಬಿರುಕು ಮುಂದಿನ ದೈವಶಾಸ್ತ್ರ ಶಿಕ್ಷಣದಲ್ಲಿಯೂ ಮುಂದುವರಿಯಿತು.

ಇಪ್ಪತ್ತನೆಯ ಶತಮಾನದಲ್ಲಿ ತುಮಕೂರಿನಲ್ಲಿ ನೆಲೆಗೊಂಡಿದ್ದ ಯೂನಿಯನ್ ಕ್ಯಾನರೀಸ್ ಸೆಮಿನರಿ ಈ ಸೀಮೆಗೆ ತೀರ ಹತ್ತಿರದ ತರಬೇತಿ ಕೇಂದ್ರವಾಗಿತ್ತು. ದಕ್ಷಿಣ ಭಾರತ ಸಭೆಯು 1947ರ ಸೆಪ್ಟೆಂಬರ್ 27ರಂದು ರೂಪುಗೊಂಡ ಮೇಲೆ ಬೇರೆ ಬೇರೆ ಮಿಶನ್‌ಗಳ ಸೆಮಿನರಿಗಳನ್ನು ಒಂದುಗೂಡಿಸುವ ಆಲೋಚನೆ ಸಹಜವಾಗಿ ಬಲಗೊಂಡಿತು. 1965ರಲ್ಲಿ ತುಮಕೂರು ಮತ್ತು ಮಂಗಳೂರುಗಳ ಸೆಮಿನರಿಗಳು ಸೇರಿ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಆಯಿತು. ನೆಲೆ ಮಂಗಳೂರೇ ಆಯಿತು. ಸಂಸ್ಥೆಯ ಬಲದ ದೃಷ್ಟಿಯಿಂದ ಇದು ವಿವೇಕದ ನಿರ್ಣಯ. ಆದರೆ ಬಯಲುಸೀಮೆಯ ಉಪದೇಶಿಯು ಕಲಿಯುವ ಸ್ಥಳ ಕರಾವಳಿಗೆ ಸರಿಯಿತು.

ಇನ್ನೊಂದೆಡೆ 1910ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ಬೋಧನೆ ಇಂಗ್ಲಿಷಿನಲ್ಲಿ ನಡೆಯಿತು. ಸೆರಾಂಪುರದ ಪದವಿ ವ್ಯವಸ್ಥೆಯಲ್ಲಿಯೂ ದೇಶಭಾಷೆಗಳು ಬಹುಮಟ್ಟಿಗೆ ಕೆಳಹಂತದ ಶಿಕ್ಷಣಕ್ಕೆ, ಇಂಗ್ಲಿಷ್ ಮೇಲಿನ ಪದವಿಗಳಿಗೆ ಎಂಬ ವಿಭಜನೆ ಬೇರೂರಿತು. ಕ್ಯಾಥೊಲಿಕ್ ಪರಂಪರೆಯಲ್ಲಿ ಸ್ಥಿತಿ ಬೇರೆ, ಫಲ ಸಮಾನ. 1778ರಲ್ಲಿ ಪಾಂಡಿಚೇರಿಯಲ್ಲಿ ಆರಂಭವಾದ ಸಂತ ಪೇತ್ರರ ಸೆಮಿನರಿ 1934ರಲ್ಲಿ ಬೆಂಗಳೂರಿಗೆ ಬಂದಿತು. ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ತರುವಾಯ ಪೂಜಾವಿಧಿ ಲ್ಯಾಟಿನ್‌ನಿಂದ ಕನ್ನಡಕ್ಕೆ ಬಂದರೂ ದೈವಶಾಸ್ತ್ರದ ತರಗತಿಯ ಭಾಷೆ ಅದೇ ವೇಗದಲ್ಲಿ ಬದಲಾಗಲಿಲ್ಲ.

2. ನಾಲ್ಕು ತಾಲ್ಲೂಕುಗಳ ಭಾಷಾಸ್ಥಿತಿ

ಮಧುಗಿರಿ, ಕೊರಟಗೆರೆಗಳು ಜಯಮಂಗಲಿಯ ಆಸರೆಯಲ್ಲಿ ಬೆಳೆದ ಕನ್ನಡ ಪ್ರದೇಶಗಳು. ಶಿರಾ 1687ರಲ್ಲಿ ಮೊಗಲರ ಸುಬಾದ ಕೇಂದ್ರವಾದ ಊರು. ಅಲ್ಲಿ ದಖನಿ ಉರ್ದು ಇಂದಿಗೂ ಬೀದಿಯ ಮಾತು. ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿದಿರುವ ಪಾವಗಡದಲ್ಲಿ ತೆಲುಗು ಮನೆಮಾತಾಗಿ, ಕನ್ನಡ ಶಾಲೆ ಮತ್ತು ಕಚೇರಿಯ ಮಾತಾಗಿ ಇರುವ ಕುಟುಂಬಗಳು ಹೇರಳ. ಶಿರಾ ಸುತ್ತಿನ ಕಾಡುಗೊಲ್ಲರ ಜುಂಜಪ್ಪನ ಹಾಡು, ತತ್ವಪದ, ಭಜನೆ, ಮೂಡಲಪಾಯದ ಆಟ ಇವೆಲ್ಲ ಧಾರ್ಮಿಕ ಅನುಭವವನ್ನು ಕಿವಿಯ ಮೂಲಕ ಮುಟ್ಟಿಸುವ ಪರಂಪರೆಗಳು.

ಈ ಸೀಮೆಗೆ ಬರುವ ಬೋಧಕನು ಕೈಯಲ್ಲಿ ಹಿಡಿದು ತರುವ ಪರಿಭಾಷೆ ಎಂತಹುದು? ಪ್ರಾಟೆಸ್ಟಂಟ್ ಕನ್ನಡದಲ್ಲಿ 'ಸುವಾರ್ತೆ', 'ದೀಕ್ಷಾಸ್ನಾನ', 'ಸಭೆ', 'ಕರ್ತನು', 'ಅಪೊಸ್ತಲ' ಎಂಬ ಮಾತುಗಳು ನೆಲೆಗೊಂಡಿವೆ. ಕ್ಯಾಥೊಲಿಕ್ ಕನ್ನಡದಲ್ಲಿ ಅದೇ ಅರ್ಥಗಳಿಗೆ 'ಶುಭಸಂದೇಶ', 'ಜ್ಞಾನಸ್ನಾನ', 'ಧರ್ಮಸಭೆ', 'ಪ್ರಭು', 'ಪ್ರೇಷಿತ' ಎಂಬ ರೂಪಗಳಿವೆ. ಒಂದೇ ಊರಿನ ಇಬ್ಬರು ಕ್ರೈಸ್ತರು ಒಂದೇ ವಿಧಿಯನ್ನು ಎರಡು ಹೆಸರುಗಳಿಂದ ಕರೆಯುತ್ತಾರೆ. ಪಾವಗಡಕ್ಕೆ ಬಂದರೆ ಮೂರನೆಯ ಪದರವೊಂದು ಸೇರುತ್ತದೆ. ತೆಲುಗಿನಲ್ಲಿ 'ಸುವಾರ್ತ' ಉಳಿಯುತ್ತದೆ. ಆದರೆ ದೀಕ್ಷಾಸ್ನಾನ 'ಬಾಪ್ತಿಸ್ಮಮು' ಆಗುತ್ತದೆ, ಸಭೆ 'ಸಂಘಮು' ಆಗುತ್ತದೆ, ಪವಿತ್ರಾತ್ಮ 'ಪರಿಶುದ್ಧಾತ್ಮ' ಆಗುತ್ತದೆ. ಶಿರಾದ ಉರ್ದು ಮಾತಿನವರಿಗೆ ಸುವಾರ್ತೆ ಎಂದರೆ 'ಇಂಜೀಲ್', ಯೇಸು ಎಂದರೆ 'ಈಸಾ'. ಮನೆಯಲ್ಲಿ ತೆಲುಗಿನಲ್ಲಿ ಪ್ರಾರ್ಥಿಸಿ ಆಲಯದಲ್ಲಿ ಕನ್ನಡ ಕೇಳುವ ವಿಶ್ವಾಸಿಗೆ ಇದು ಬರಿಯ ಪದಗಳ ವ್ಯತ್ಯಾಸವಲ್ಲ. ದುಃಖದ ಹೊತ್ತಿನ ಮಾತು ಒಂದು ಭಾಷೆಯಲ್ಲಿ, ಸಾಂತ್ವನದ ವಿಧಿ ಇನ್ನೊಂದರಲ್ಲಿ ಎಂಬ ಸ್ಥಿತಿ ಅದು. ಇಂತಹ ಗಡಿಸೀಮೆಯ ಬೋಧಕನಿಗೆ ಹೀಬ್ರೂ, ಗ್ರೀಕ್‌ಗಳ ಪರಿಚಯದಷ್ಟೇ ನೆರೆಭಾಷೆಯ ಧರ್ಮಪರಿಭಾಷೆಯ ಪರಿಚಯವೂ ಅಗತ್ಯ.

3. 'ಸೇವೆ' ಎಂಬ ಪದದ ಭಾರ

ದೈವಶಾಸ್ತ್ರ ಶಿಕ್ಷಣದ ಕೇಂದ್ರಪದವೇ 'ಸೇವೆ'. ಬೋಧಕನ ವೃತ್ತಿ ಸೇವೆ, ಅವನು ಸೇವಕ. ಭಕ್ತಿಪರಂಪರೆಯಲ್ಲಿ ಈ ಪದಕ್ಕೆ ಗೌರವವಿದೆ. ಆದರೆ ತಲೆಮಾರುಗಳ ಕಾಲ ಒಡೆಯರ ಹೊಲದಲ್ಲಿ ಬಿಟ್ಟಿ ಚಾಕರಿ ಮಾಡಿದ ಸಮುದಾಯಗಳಿಗೆ ಅದು ನಿರ್ಮಲವಾದ ಪದವಲ್ಲ. ಇದೇ ನೆಲದಲ್ಲಿ ಶರಣರು ರೂಢಿಸಿದ 'ಕಾಯಕ' ಎಂಬ ಪದವಿತ್ತು. ದುಡಿಮೆಗೂ ದೈವಕ್ಕೂ ನೇರ ಸಂಬಂಧ ಕಲ್ಪಿಸಿದ ಆ ಪದ ಕ್ರೈಸ್ತ ಪರಿಭಾಷೆಯ ನಡುಮನೆಗೆ ಬರಲಿಲ್ಲ. ಬಸವಪುರಾಣವನ್ನು ಅಚ್ಚು ಹಾಕಿದ ಪರಂಪರೆಯೇ ಅದರ ಪದಸಂಪತ್ತನ್ನು ತನ್ನ ಬೋಧನೆಗೆ ಒಗ್ಗಿಸಿಕೊಳ್ಳಲು ಹಿಂಜರಿದುದು ವಿಚಿತ್ರವೆನಿಸಿದರೂ ಕಾರಣ ಸ್ಪಷ್ಟ. ಇತರ ಧರ್ಮದ ಪದವನ್ನು ತಂದರೆ ಅದರ ತತ್ವವೂ ಬಂದೀತೆಂಬ ಎಚ್ಚರ ಅಲ್ಲಿ ಕೆಲಸ ಮಾಡಿದೆ. ಆದರೆ 'ದೀಕ್ಷೆ', 'ಕೃಪೆ', 'ವೇದ'ಗಳನ್ನು ಸ್ವೀಕರಿಸುವಾಗ ಆ ಎಚ್ಚರ ಅಡ್ಡಿಯಾಗಲಿಲ್ಲ. ಶಾಸ್ತ್ರಪರಂಪರೆಯ ಪದಕ್ಕೆ ದೊರೆತ ಪ್ರವೇಶ ದುಡಿಯುವವರ ಪದಕ್ಕೆ ದೊರೆಯಲಿಲ್ಲ ಎಂಬುದೇ ಇಲ್ಲಿನ ವಿಮರ್ಶೆಯ ತಿರುಳು.

ಇದಕ್ಕೆ ಅಪವಾದವೂ ಉಂಟು. ಫರ್ಡಿನಾಂಡ್ ಕಿಟ್ಟೆಲ್ 1862ರ 'ಕಥಾಮಾಲೆ'ಯಲ್ಲಿ ಯೇಸುವಿನ ಚರಿತೆಯನ್ನು ಈ ನಾಡಿನ ಛಂದಸ್ಸಿಗೆ ತಂದರು. ಮುಂದೆ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿದವರು, 1894ರಲ್ಲಿ ನಿಘಂಟನ್ನು ಹೊರತಂದವರು ಅವರೇ. ಪದದ ಅರ್ಥವನ್ನು ಮಾತ್ರವಲ್ಲ, ಅದರ ಲಯವನ್ನೂ ಬೋಧಕ ಅರಿಯಬೇಕು ಎಂಬ ತಿಳಿವಳಿಕೆ ಅಲ್ಲಿತ್ತು. ಕಿಟ್ಟೆಲ್ ಅವರ ನಿಘಂಟನ್ನು ನಾಡು ಉಳಿಸಿಕೊಂಡಿತು. ಲಯದ ಕುರಿತ ಅವರ ಒತ್ತಾಯ ಶಿಕ್ಷಣಕ್ರಮದಲ್ಲಿ ಅಷ್ಟು ದೃಢವಾಗಿ ಉಳಿಯಲಿಲ್ಲ.

4. ಗ್ರಂಥಭಾಷೆಯ ಇನ್ನೊಂದು ಮುಖ

ಇಷ್ಟರಿಂದ ಗ್ರಂಥಸ್ಥ ಕನ್ನಡವನ್ನು ಕೈಬಿಟ್ಟು ಹಳ್ಳಿಯ ಮಾತಿಗೆ ಮರಳಬೇಕೆಂಬ ತೀರ್ಮಾನಕ್ಕೆ ಬರುವುದು ಅವಸರದ ಮಾತಾದೀತು. 1876–78ರ ಬರಗಾಲ ಮೈಸೂರು ಸಂಸ್ಥಾನದಲ್ಲಿ ಸುಮಾರು 10 ಲಕ್ಷ ಜೀವಗಳನ್ನು ಬಲಿ ತೆಗೆದುಕೊಂಡಿತು. ಆಗ ಅನಾಥರಾದ ಮಕ್ಕಳಲ್ಲಿ ಹಲವರಿಗೆ ಆಶ್ರಯ ನೀಡಿದ ಮಿಶನ್‌ಗಳು ಅಕ್ಷರವನ್ನೂ ನೀಡಿದವು. ಶಾಲೆಯ ಜಗಲಿಯನ್ನು ಏರಲಾಗದ ಹೊಲೆಯ, ಮಾದಿಗ ಕುಟುಂಬಗಳ ವ್ಯಕ್ತಿಗೆ ಸತ್ಯವೇದದ ಕನ್ನಡವನ್ನು ನಿಂತು ಓದುವುದು ಒಂದು ಹಕ್ಕಿನ ಘೋಷಣೆ. ಅವನ ಬಾಯಲ್ಲಿ 'ದೀಕ್ಷಾಸ್ನಾನ' ಎಂಬ ಪದವು ಸಂಸ್ಕೃತದ ಹೇರಿಕೆಯಲ್ಲ, ನಿರಾಕರಿಸಲ್ಪಟ್ಟ ಸೊತ್ತಿನ ಗಳಿಕೆ. ಬೋಧಕರನ್ನು 'ಅಯ್ಯನವರು' ಎಂದು ಕರೆಯುವ ರೂಢಿಯನ್ನೂ ಇಲ್ಲಿ ನೆನೆಯಬಹುದು. ಜಂಗಮರಿಗೆ ಸಲ್ಲುತ್ತಿದ್ದ ಸಂಬೋಧನೆ ದಲಿತ ಮೂಲದ ಬೋಧಕರಿಗೆ ಸಂದದ್ದು ಭಾಷೆಯ ಒಳಗೇ ನಡೆದ ಸಾಮಾಜಿಕ ಪಲ್ಲಟ.

ಆದ್ದರಿಂದ ಕೊರತೆ ಗ್ರಂಥಭಾಷೆಯಲ್ಲಿಲ್ಲ. ಅದರಿಂದ ಆಡುಮಾತಿಗೂ ಆಡುಮಾತಿನಿಂದ ಅದಕ್ಕೂ ಹೋಗಿಬರುವ ದಾರಿಯನ್ನು ಶಿಕ್ಷಣ ಕಲಿಸದಿರುವಲ್ಲಿದೆ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಉಪನ್ಯಾಸವನ್ನು ದಲಿತ ದೈವಶಾಸ್ತ್ರದ ಆರಂಭಬಿಂದುವೆಂದು ಗುರುತಿಸಲಾಗುತ್ತದೆ. ದಲಿತರ ನೋವನ್ನೇ ದೈವಚಿಂತನೆಯ ನೆಲೆಯಾಗಿಸಿದ ಆ ವಿಚಾರಧಾರೆ ಬೆಳೆದುದು ಮುಖ್ಯವಾಗಿ ಇಂಗ್ಲಿಷಿನಲ್ಲಿ. ಬೆಂಗಳೂರಿನಿಂದ ಕೊರಟಗೆರೆಗೆ ನೂರು ಕಿಲೋಮೀಟರಿಗಿಂತ ಕಡಿಮೆ ದೂರ. ಭಾಷೆಯ ಅಂತರ ಅದಕ್ಕಿಂತ ದೊಡ್ಡದು. ಯಾರ ಬದುಕನ್ನು ಕುರಿತು ಶಾಸ್ತ್ರ ಹುಟ್ಟಿತೋ ಅವರು ಅದನ್ನು ಓದಿ ಒಪ್ಪುವ ಅಥವಾ ತಿದ್ದುವ ಅವಕಾಶ ಕನ್ನಡದಲ್ಲಿ ಸೀಮಿತವಾಗಿಯೇ ಉಳಿದಿದೆ. 1971ರಲ್ಲಿ ಬೆಂಗಳೂರನ್ನು ಕೇಂದ್ರವಾಗಿಸಿಕೊಂಡು ಆರಂಭವಾದ ಟಾಫ್ಟೀ ಸಂಸ್ಥೆಯ ವಿಸ್ತರಣಾ ಶಿಕ್ಷಣ, ಊರು ಬಿಡದೆ ಕಲಿಯುವ ಮಾರ್ಗವನ್ನು ತೆರೆಯಿತು. ದೂರದ ಸಮಸ್ಯೆಗೆ ಅದೊಂದು ಉತ್ತರ. ಆದರೆ ಪಾಠ ಊರಿಗೆ ಬಂದ ಮಾತ್ರಕ್ಕೆ ಊರಿನ ಮಾತು ಪಾಠದೊಳಗೆ ಬಂದಂತಾಗುವುದಿಲ್ಲ.

5. ಸಮಾರೋಪ

ಕನ್ನಡ ದೈವಶಾಸ್ತ್ರ ಶಿಕ್ಷಣದ ಚರಿತ್ರೆಯನ್ನು ಮಂಗಳೂರು ಮತ್ತು ಬೆಂಗಳೂರುಗಳಿಂದ ನೋಡಿದಾಗ ಬೆಳವಣಿಗೆ ಕಾಣುತ್ತದೆ. ಪಾವಗಡದಿಂದ ನೋಡಿದಾಗ ದೂರ ಕಾಣುತ್ತದೆ. ಎರಡೂ ನಿಜ. ಈ ಎರಡು ನೋಟಗಳನ್ನು ಕೂಡಿಸಬೇಕಾದರೆ ಮೂರು ಕೆಲಸಗಳು ನಡೆಯಬೇಕಾಗಿವೆ. ಮೊದಲನೆಯದು, ಪ್ರಾಟೆಸ್ಟಂಟ್, ಕ್ಯಾಥೊಲಿಕ್ ಮತ್ತು ಗಡಿಭಾಷೆಗಳ ಧರ್ಮಪರಿಭಾಷೆಯನ್ನು ಹೋಲಿಸುವ ಪದಕೋಶ. ಎರಡನೆಯದು, ಬಯಲುಸೀಮೆಯ ಉಪದೇಶಿಗಳ ಪ್ರಸಂಗ, ಪ್ರಾರ್ಥನೆ ಮತ್ತು ಹಾಡುಗಳ ಮೌಖಿಕ ದಾಖಲೀಕರಣ. ಮೂರನೆಯದು, ಇಂಗ್ಲಿಷಿನಲ್ಲಿ ಬೆಳೆದ ದಲಿತ ದೈವಶಾಸ್ತ್ರದ ಕನ್ನಡ ಅವತರಣಿಕೆ. ಇವುಗಳಲ್ಲಿ ಎರಡನೆಯದು ತಡೆಯಲಾಗದ ತುರ್ತಿನದು, ಏಕೆಂದರೆ ತುಮಕೂರಿನಲ್ಲಿಯೇ ಕಲಿತ ತಲೆಮಾರಿನ ಕಂಠಗಳು ಕಡಿಮೆಯಾಗುತ್ತಿವೆ. ಗ್ರಂಥವನ್ನು ಮರುಮುದ್ರಿಸಬಹುದು. ಒಣಹೊಲದ ಅಂಚಿನಲ್ಲಿ ನಿಂತು ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಸಾಂತ್ವನ ಹೇಳಿದ ಮಾತು ಒಮ್ಮೆ ಮರೆಯಾದರೆ ಅದಕ್ಕೆ ಮರುಮುದ್ರಣವಿಲ್ಲ.