ಹದಿನೈದು ಗಂಡಸರ ಸಾಲು

ಮಂಗನಿಂದ ಮಾನವನಾದ ಆ ಚಿತ್ರ ಯಾರಿಗೆ ಗೊತ್ತಿಲ್ಲ? ಎಡಗಡೆ ಬೆನ್ನು ಬಾಗಿಸಿಕೊಂಡು ಹೊರಟ ಒಂದು ಕುಳ್ಳ ಪ್ರಾಣಿ, ಅದರ ಮುಂದೆ ತುಸು ನೆಟ್ಟಗಾದದ್ದು, ಅದರ ಮುಂದೆ ಇನ್ನಷ್ಟು ನೆಟ್ಟಗಾದದ್ದು, ಬಲತುದಿಗೆ ಎದೆ ಸೆಟೆಸಿ ಹೆಜ್ಜೆ ಹಾಕುವ ಗಂಡಸು. ಆಳಂದದ ಶಾಲೆಯ ಗೋಡೆಯ ಮೇಲೂ ಇದೆ, ಮಕ್ಕಳ ಅಂಗಿಯ ಮೇಲೂ ಇದೆ, ಪತ್ರಿಕೆಯ ವ್ಯಂಗ್ಯಚಿತ್ರದಲ್ಲಂತೂ ವರ್ಷಕ್ಕೆ ನಾಲ್ಕು ಸಲ ಬರುತ್ತದೆ. ಬರೆದವರು ಯಾರೆಂದು ಮಾತ್ರ ಯಾರೂ ಕೇಳುವುದಿಲ್ಲ. ನಮ್ಮ ಬೀಸುವ ಕಲ್ಲಿನ ಪದಗಳ ಹಾಗೆ ಅದೂ ಹೆಸರು ಕಳೆದುಕೊಂಡು ಊರೂರು ತಿರುಗುತ್ತಿದೆ.

ಹೆಸರು ರುಡಾಲ್ಫ್ ಜಾಲಿಂಗರ್. 1919ರಲ್ಲಿ ಸೈಬೀರಿಯದ ಇರ್ಕುಟ್ಸ್ಕ್‌ನಲ್ಲಿ ಹುಟ್ಟಿ, ಅಮೆರಿಕದಲ್ಲಿ ಬೆಳೆದು, 1995ರಲ್ಲಿ ತೀರಿಕೊಂಡ ಈ ಮನುಷ್ಯ ಜೀವಮಾನದ ಮುಖ್ಯ ಕೆಲಸವನ್ನೆಲ್ಲ ಮಾಡಿದ್ದು ಒಂದು ವಸ್ತುಸಂಗ್ರಹಾಲಯದ ಗೋಡೆಗಳ ಮೇಲೆ. ಆ ಸಾಲುಚಿತ್ರ 1965ರಲ್ಲಿ ಒಂದು ಪುಸ್ತಕಕ್ಕೆ ಮಾಡಿಕೊಟ್ಟ ಸಣ್ಣ ಕೆಲಸ ಅಷ್ಟೆ. ಸಣ್ಣದು ಜಗತ್ತನ್ನೆಲ್ಲ ಸುತ್ತಿತು, ದೊಡ್ಡದು ಗೋಡೆಗೆ ಅಂಟಿಕೊಂಡೇ ಉಳಿಯಿತು.

ದೊಡ್ಡದರ ಮಾತನ್ನೇ ಮೊದಲು ಆಡಬೇಕು. ಯೇಲ್ ವಿಶ್ವವಿದ್ಯಾಲಯದ ಪೀಬಾಡಿ ಸಂಗ್ರಹಾಲಯದಲ್ಲಿ ಡೈನೊಸಾರ್ ಎಲುಬುಗಳನ್ನು ಜೋಡಿಸಿ ನಿಲ್ಲಿಸಿದ ದೊಡ್ಡ ಪಡಸಾಲೆಯೊಂದಿದೆ. ಅದರ ಗೋಡೆ ಬರಿದಾಗಿತ್ತು. ಕಲಾಶಾಲೆಯ ಹುಡುಗ ಜಾಲಿಂಗರ್ ಅಲ್ಲಿಯ ನಿರ್ದೇಶಕರಿಗೆ ಸಮುದ್ರದ ಪಾಚಿಗಳ ಚಿತ್ರ ಬರೆದುಕೊಡುತ್ತಿದ್ದ. ಆ ಕೈ ನೋಡಿಯೇ ಗೋಡೆಯ ಕೆಲಸ ಅವನ ಪಾಲಿಗೆ ಬಂತು. ಬೇರೆ ಬೇರೆ ಚೌಕಟ್ಟಿನಲ್ಲಿ ಬೇರೆ ಬೇರೆ ಚಿತ್ರ ಬರೆಯುವುದೆಂದು ಮೊದಲ ಯೋಚನೆಯಿತ್ತು. ಅವನು ಒಪ್ಪಲಿಲ್ಲ. ಇಡೀ ಗೋಡೆಯನ್ನು ಒಂದೇ ಹೊಲವೆಂದು ತಿಳಿದು, ಕಾಲವನ್ನು ಅದರ ಉದ್ದಕ್ಕೂ ಹರಿಯಬಿಟ್ಟ. ಯುಗ ಬದಲಾಗುವ ಕಡೆಯಲ್ಲಿ ಗೆರೆ ಕೊರೆಯದೆ ಮುಂಭಾಗದಲ್ಲಿ ಒಂದು ದೊಡ್ಡ ಮರ ನಿಲ್ಲಿಸಿದ. ಹೊಲದ ಬದುವಿನ ಮೇಲೆ ಬೇವಿನ ಮರ ಇರುತ್ತದಲ್ಲ, ಹಾಗೆ! ಅಳತೆ 110 ಅಡಿ ಉದ್ದ, 16 ಅಡಿ ಎತ್ತರ. ಹಿಡಿದ ಕಾಲ 1943ರಿಂದ 1947. ಹಸಿ ಗಾರೆಯ ಮೇಲಲ್ಲ, ಒಣ ಗಾರೆಯ ಮೇಲೆ ಬಣ್ಣ ಹಚ್ಚುವ ಹಳೆಯ ಇಟಲಿಯ ಪದ್ಧತಿ. ಗೋಡೆಗೆ ಸುಣ್ಣ ಬಳಿದ ಯಾವ ಹೆಣ್ಣುಮಗಳಿಗೂ ಇವೆರಡರ ಫರಕು ಬಿಡಿಸಿ ಹೇಳಬೇಕಾಗಿಲ್ಲ. 1949ರಲ್ಲಿ ಅವನಿಗೆ ಪುಲಿಟ್ಜರ್ ಹೆಸರಿನ ಫೆಲೋಶಿಪ್ ಸಿಕ್ಕಿತು, 1953ರಲ್ಲಿ ಲೈಫ್ ಪತ್ರಿಕೆ ಚಿತ್ರವನ್ನು ಮನೆಮನೆಗೆ ಮುಟ್ಟಿಸಿತು.

ಮೂಲವನ್ನು ನಾನು ನೋಡಿಲ್ಲ. ಅಚ್ಚಿನಲ್ಲಿ ಕಂಡದ್ದನ್ನೇ ನಂಬಿ ಬರೆಯುತ್ತಿದ್ದೇನೆ. ಅದರಲ್ಲಿ ನನಗೆ ತೀರ ಮೆಚ್ಚಿಕೆಯಾದದ್ದು ದಿಕ್ಕು. ಕಾಲ ಅಲ್ಲಿ ಬಲದಿಂದ ಎಡಕ್ಕೆ ಸರಿಯುತ್ತದೆ. ಇಂಗ್ಲಿಷ್ ಓದುವವರಿಗೆ ತಿರುವುಮುರುವು, ನಮ್ಮ ಆಳಂದದಲ್ಲಿ ಉರ್ದು ಓದಿದವರಿಗೆ ಸಲೀಸು! ಬಲತುದಿಯಲ್ಲಿ ನೀರಿನಿಂದ ಆಗತಾನೆ ಎದ್ದ ಜೀವಗಳು, ಎಡತುದಿಯಲ್ಲಿ ಟಿರನೊಸಾರಸ್, ಅದರ ಹಿಂದೆ ದೂರದಲ್ಲಿ ಬೆಂಕಿಬೆಟ್ಟಗಳು. ನಾನು ಆ ಬೆಂಕಿಬೆಟ್ಟಗಳಲ್ಲಿಯೇ ನಿಂತುಬಿಟ್ಟೆ. ಆರೂವರೆ ಕೋಟಿ ವರ್ಷಗಳ ಹಿಂದೆ, ಸುಮಾರು ಡೈನೊಸಾರ್‌ಗಳು ಅಳಿದ ಹೊತ್ತಿನಲ್ಲಿಯೇ, ದಖ್ಖನ್ನಿನ ನೆಲ ಬಿರಿದು ಲಾವಾ ಪದರಪದರವಾಗಿ ಹರಿದು ಗಟ್ಟಿಯಾಯಿತು. ಅದೇ ನಮ್ಮ ಆಳಂದದ ಕರಿಕಲ್ಲು. ಅದು ಸವೆದು ಪುಡಿಯಾದದ್ದೇ ತೊಗರಿ ಬೆಳೆಯುವ ಎರೆಭೂಮಿ. ಜಾಲಿಂಗರ್ ಬರೆದದ್ದು ಅಮೆರಿಕದ ಬೆಟ್ಟಗಳನ್ನು, ಸರಿ. ಆದರೆ ಅವನ ಗೋಡೆ ಎಲ್ಲಿ ಮುಗಿಯುತ್ತದೆಯೋ ಅಲ್ಲಿಂದಲೇ ನಮ್ಮ ಹೊಲ ಶುರುವಾಗುತ್ತದೆ ಎನ್ನಬಹುದು.

ತಪ್ಪುಗಳೂ ಇವೆ, ಸಣ್ಣವಲ್ಲ. ಅವನ ಡೈನೊಸಾರ್‌ಗಳು ಬಾಲವನ್ನು ನೆಲಕ್ಕೆ ಎಳೆದುಕೊಂಡು ನಡೆಯುತ್ತವೆ, ಮೈಭಾರದ ಸೋಮಾರಿಗಳಂತೆ ಕೆಸರಿನಲ್ಲಿ ನಿಂತಿರುತ್ತವೆ. ಆಗಿನ ಪಂಡಿತರು ಹಾಗೆಯೇ ನಂಬಿದ್ದರು, ಅವನು ಅವರನ್ನು ಕೇಳಿಕೊಂಡೇ ಬರೆದಿದ್ದ. ಮುಂದೆ 1969ರಲ್ಲಿ ಅದೇ ಪೀಬಾಡಿಯ ಜಾನ್ ಆಸ್ಟ್ರೋಮ್ ಡೈನೊನಿಕಸ್ ಎಂಬ ಚುರುಕು ಪ್ರಾಣಿಯನ್ನು ವಿವರಿಸಿದ ಮೇಲೆ ಲೆಕ್ಕ ಬದಲಾಯಿತು. ಬಾಲ ನೆಲ ಬಿಟ್ಟು ಎದ್ದಿತು, ಸೋಮಾರಿ ಓಡತೊಡಗಿತು. ಗೋಡೆಯ ಮೇಲಿನ ಪ್ರಾಣಿಗಳು ಮಾತ್ರ ಇದ್ದಲ್ಲಿಯೇ ಇದ್ದವು. ಅಳಿಸಬೇಕಿತ್ತೆ? ಸಂಗ್ರಹಾಲಯ ನಾಲ್ಕು ವರ್ಷ ಮುಚ್ಚಿ, ದುರಸ್ತಿಯಾಗಿ 2024ರಲ್ಲಿ ತೆರೆದಾಗಲೂ ಚಿತ್ರವನ್ನು ಉಳಿಸಿಕೊಂಡಿತು. ಒಳ್ಳೆಯದೇ ಆಯಿತು. ಬಾಲ ತಪ್ಪಿರಬಹುದು, ಆದರೆ ಆ ಎಲೆಗಳ ಹಸಿರು, ಆ ಸಂಜೆಗೆಂಪು, ಒಂದು ಕಾಲ ಇನ್ನೊಂದರೊಳಗೆ ಗೊತ್ತಾಗದಂತೆ ಸೇರುವ ರೀತಿ, ಇವಕ್ಕೆ ಯಾವ ಎಲುಬಿನ ಸಾಕ್ಷಿಯೂ ಬೇಕಾಗಿಲ್ಲ.

ಕಣ್ಣಾರೆ ಕಾಣದ್ದನ್ನು ಕಂಡಂತೆ ಬರೆಯುವ ಕೆಲಸ ನಮ್ಮ ಸೀಮೆಗೆ ಹೊಸದಲ್ಲ. 1916ರಲ್ಲಿ ಗುಲಬರ್ಗಾದಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು ಮಾಡಿದ್ದೂ ಅದನ್ನೇ. ಅವರಿಗೆ ಮೊದಲು ಕುಂಚ ಹಿಡಿಸಿದ ಗುರು ಶಂಕರರಾವ್ ಆಳಂದಕರ್, ಹೆಸರಿನಲ್ಲಿಯೇ ನಮ್ಮ ಊರು! ಮುಂಬಯಿಗೆ ಹೋಗಿ ಸಿನೆಮಾ ಪತ್ರಿಕೆಯ ಮುಖಪುಟ, ಭಿತ್ತಿಪತ್ರ ಬರೆದು ಪಳಗಿದ ಪಂಡಿತರು ಆಮೇಲೆ ಅದೇ ಕೈಯಿಂದ ಶಿವ, ರಾಮ, ಶಕುಂತಲೆಯರನ್ನು ಬರೆದರು. ಅವರ ಕ್ಯಾಲೆಂಡರು ತೂಗದ ಮನೆ ಅಫಜಲಪುರ, ಜೇವರ್ಗಿ ಕಡೆ ಹುಡುಕಬೇಕಿತ್ತು. ಜಾಲಿಂಗರನಿಗೆ ಎಲುಬು ಆಧಾರ, ಪಂಡಿತರಿಗೆ ಪುರಾಣ ಆಧಾರ. ಇಬ್ಬರೂ ಆಧಾರದ ಮೇಲೆ ಮಾಂಸ ತುಂಬಿದರು, ಬೆಳಕು ಬಿಟ್ಟರು, ಇಬ್ಬರ ಚಿತ್ರವೂ ಮೂಲಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹವಾಗಿಬಿಟ್ಟಿತು. ಇಂದು ಶಿವ ಎಂದಕೂಡಲೇ ಪಂಡಿತರ ಶಿವನೇ ಕಣ್ಣ ಮುಂದೆ ಬರುತ್ತಾನೆ. 1993ರಲ್ಲಿ ಅವರು ತೀರಿಕೊಂಡರು. ಕಲಬುರಗಿಯ ರಂಗಮಂದಿರಕ್ಕೆ ಅವರ ಹೆಸರಿದೆ.

ಈ ನಂಬಿಸುವ ಶಕ್ತಿಯೇ ಆ ಸಾಲುಚಿತ್ರದ ಅಪಾಯ. ಮಡಿಚಿದ ಉದ್ದ ಹಾಳೆಯ ಮೇಲೆ ಹದಿನೈದು ಆಕೃತಿಗಳಿವೆ. ಹೋಲಿಸಿ ನೋಡಲು ಅನುಕೂಲವಾಗಲೆಂದು ನಾಲ್ಕು ಕಾಲಿನವುಗಳನ್ನೂ ಎರಡು ಕಾಲಿನ ಮೇಲೆ ನಿಲ್ಲಿಸಿದ್ದೇವೆ ಎಂದು ಪುಸ್ತಕವೇ ಹೇಳುತ್ತದೆ. ಒಂದರ ಹೊಟ್ಟೆಯಲ್ಲಿ ಮುಂದಿನದು ಹುಟ್ಟಿತೆಂದು ಹೇಳುವುದಿಲ್ಲ. ಆದರೆ ಒಬ್ಬರ ಹಿಂದೆ ಒಬ್ಬರನ್ನು ನಡೆಯಲು ಹಚ್ಚಿದ ಮೇಲೆ ಅಡಿಬರಹ ಓದುವವರು ಯಾರು? ಐದನೆಯದು ರಾಮಪಿಥೆಕಸ್, ನಮ್ಮ ಶಿವಾಲಿಕ ಬೆಟ್ಟದಲ್ಲಿ ಸಿಕ್ಕ ದವಡೆಗೆ ಇಟ್ಟ ಹೆಸರು. ಅದು ನಮ್ಮ ಹಿರಿಯನಲ್ಲ, ಶಿವಪಿಥೆಕಸ್ ಜಾತಿಯದೇ, ಒರಾಂಗುಟಾನಿನ ಕಡೆಯ ನೆಂಟನೆಂದು ಆಮೇಲೆ ತೀರ್ಮಾನವಾಯಿತು. ರಾಮ ಹೋಗಿ ಶಿವನಲ್ಲಿ ಲೀನವಾದ! ಚಿತ್ರದಲ್ಲಿ ಮಾತ್ರ ಇನ್ನೂ ನಡೆಯುತ್ತಲೇ ಇದ್ದಾನೆ.

ಇದಕ್ಕಿಂತ ದೊಡ್ಡ ತಕರಾರು ನನ್ನದಲ್ಲ, ಒಬ್ಬ ಹುಡುಗಿಯದು. ಅಫಜಲಪುರ ತಾಲೂಕಿನ ಒಂದು ಶಾಲೆಯಲ್ಲಿ ನನ್ನ ಗೆಳತಿ ವಿಜ್ಞಾನ ಕಲಿಸುತ್ತಾಳೆ. ಗೋಡೆಯ ಮೇಲಿನ ಆ ಸಾಲನ್ನು ತೋರಿಸಿ ಪಾಠ ಮಾಡುತ್ತಿದ್ದಾಗ ಏಳನೆಯ ಇಯತ್ತೆಯ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ಇವ್ರೆಲ್ಲಾ ಗಂಡಸ್ರೇ ಅದಾರಲ್ರೀ. ಹಂಗಾದ್ರ ಇವ್ರನ್ನ ಹಡದಾಕಿ ಎಲ್ಲಿ ಹ್ವಾದ್ಳರಿ?" ಎಂದಳಂತೆ. ತರಗತಿಯೆಲ್ಲ ನಕ್ಕಿತು. ಗೆಳತಿಗೂ ನಗು ಬಂತು, ಉತ್ತರ ಬರಲಿಲ್ಲ. ನಾನು ಪುಸ್ತಕದ ಚಿತ್ರವನ್ನು ಹತ್ತು ಸಲ ನೋಡಿದೆ. ಹದಿನೈದರಲ್ಲಿ ಒಬ್ಬಳೂ ಹೆಣ್ಣು ಕಾಣಲಿಲ್ಲ. ಕಂಕುಳಲ್ಲಿ ಕೂಸಿಲ್ಲ. ಲಕ್ಷಾಂತರ ವರ್ಷ ಯಾರೂ ಬಸುರಾಗದೆ, ಬಾಣಂತಿಯಾಗದೆ, ಮಕ್ಕಳಿಗೆ ಉಣಿಸದೆ ಮನುಕುಲ ಹಾಗೇ ಸೆಟೆದುಕೊಂಡು ನಡೆದುಬಂತೆ?

ಜಾಲಿಂಗರನಿಗೆ ಹೆಣ್ಣಿನ ಕೈಕೆಲಸ ಗೊತ್ತಿರಲಿಲ್ಲ ಎನ್ನುವಂತೆಯೂ ಇಲ್ಲ. ಅವನ ಹೆಂಡತಿ ಜೀನ್ ಡೇ ಜಾಲಿಂಗರ್ ಅದೇ ಯೇಲ್‌ನಲ್ಲಿ ಚಿತ್ರಕಲೆ ಕಲಿತವಳು. ಪ್ರಾಣಿ, ಕೀಟ, ಡೈನೊಸಾರ್‌ಗಳ ಬಗ್ಗೆ ಮಕ್ಕಳಿಗಾಗಿ ಬಂದ ಹತ್ತಾರು ಪುಸ್ತಕಗಳಿಗೆ ಅವಳದೇ ಚಿತ್ರ. ಒಂದೇ ಮನೆ, ಒಂದೇ ವಿದ್ಯೆ, ಒಂದೇ ವಿಷಯ. ಅವನಿಗೆ 110 ಅಡಿ ಗೋಡೆ, ಅವಳಿಗೆ ಮಕ್ಕಳ ಪುಸ್ತಕದ ಪುಟ. ಇದು ಅವಳಿಗೆ ಬೇಸರ ತಂದಿತ್ತೆಂದು ನಾನು ಹೇಳಲಾರೆ. ಮಕ್ಕಳ ಪುಸ್ತಕ ಸಣ್ಣ ಕೆಲಸವೂ ಅಲ್ಲ. ಆದರೂ ನಮ್ಮ ಕಡೆಯ ಹೆಣ್ಣುಮಕ್ಕಳು ಹಟ್ಟಿಹಬ್ಬಕ್ಕೆ ಸಗಣಿಯಲ್ಲಿ ಪಾಂಡವರನ್ನು ಮಾಡಿ, ಪಂಚಮಿಗೆ ಗೋಡೆಯ ಮೇಲೆ ನಾಗಪ್ಪನನ್ನು ಬರೆದು, ಅದು ಕಲೆಯ ಲೆಕ್ಕಕ್ಕೆ ಬರುವುದಿಲ್ಲವಲ್ಲ, ಅದು ನೆನಪಾಯಿತು.

ಇದೇ ವಿದ್ಯೆಯ ಹಿರಿಯ ಚಾರ್ಲ್ಸ್ ನೈಟ್. ಎಳೆತನದಲ್ಲಿ ಒಂದು ಕಣ್ಣಿಗೆ ಕಲ್ಲೇಟು ಬಿದ್ದು ದೃಷ್ಟಿ ಮಂದವಾದವನು, ಆ ಕಣ್ಣಿನಲ್ಲಿಯೇ ಷಿಕಾಗೋದ ಫೀಲ್ಡ್ ಸಂಗ್ರಹಾಲಯಕ್ಕೆ 28 ಭಿತ್ತಿಚಿತ್ರ ಬರೆದ. ಅವನ ಪ್ರಾಣಿಗಳು ಸಾಲಾಗಿ ನಿಲ್ಲುವುದಿಲ್ಲ. ಮೇಯುತ್ತವೆ, ಕಾದಾಡುತ್ತವೆ, ನೆರಳಿಗೆ ಬರುತ್ತವೆ, ತಾವು ಬದುಕಿದ ಜಾಗದಲ್ಲಿ ಇರುತ್ತವೆ. ಜಾಲಿಂಗರನ ದೊಡ್ಡ ಗೋಡೆಯಲ್ಲಿಯೂ ಈ ಗುಣವಿದೆ. ಆ ಸಾಲುಚಿತ್ರದಲ್ಲಿ ಮಾತ್ರ ನೆಲವಿಲ್ಲ, ಮರವಿಲ್ಲ, ಬಿಳಿ ಹಾಳೆಯ ಮೇಲೆ ಬರೀ ನಡಿಗೆ. ನೆಲ ತೆಗೆದಾಗಲೇ ಹೆಣ್ಣೂ ಹೋದಳೆಂದು ನನ್ನ ತರ್ಕ. ನೆಲವಿದ್ದಿದ್ದರೆ ಒಲೆ ಇರುತ್ತಿತ್ತು, ನೀರಿನ ದಂಡೆ ಇರುತ್ತಿತ್ತು, ಅಲ್ಲಿ ಯಾರು ಕೂತಿದ್ದರೆಂದು ಚಿತ್ರಗಾರ ಯೋಚಿಸಲೇಬೇಕಾಗುತ್ತಿತ್ತು.

ನಮ್ಮಲ್ಲಿ ಅಂಥ ನೆಲ ಇಲ್ಲವೆ? ಕಟ್ಟಿಸಂಗಾವಿಯ ಸೇತುವೆಯ ಮೇಲೆ ಭೀಮೆಯನ್ನು ದಾಟಿ, ಜೇವರ್ಗಿಯಿಂದ ತೆಂಕಲಿಗೆ ಶಹಾಪುರ, ಸುರಪುರದ ದಾರಿ ಹಿಡಿದರೆ ಹುಣಸಗಿಯ ಹತ್ತಿರ ಇಸಾಂಪುರ ಸಿಗುತ್ತದೆ. ಈಗ ಯಾದಗಿರಿ ಜಿಲ್ಲೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಆ ಕಣಿವೆಯನ್ನು ದಶಕಗಳ ಕಾಲ ಅಲೆದು, 1990ರ ದಶಕದ ಕೊನೆಯಲ್ಲಿ ಇಸಾಂಪುರದಲ್ಲಿ ಅಗೆಸಿದಾಗ ಸಿಕ್ಕದ್ದು ಆದಿಮಾನವರ ಕಲ್ಲಿನ ಕಾರ್ಖಾನೆ. ಸುಣ್ಣಕಲ್ಲಿನ ಹಾಸುಬಂಡೆ ಎತ್ತಿ, ಒಡೆದು, ಕೈಗೊಡಲಿ ಮಾಡಿ, ಚೂರುಗಳನ್ನು ಅಲ್ಲಿಯೇ ಬಿಟ್ಟು ಹೋಗಿದ್ದರು. ಅಲ್ಲಿ ದೊರೆತ ದನದ ಜಾತಿಯ ಪ್ರಾಣಿಯ ಹಲ್ಲನ್ನು ಪರೀಕ್ಷಿಸಿ ಸುಮಾರು 12 ಲಕ್ಷ ವರ್ಷವೆಂದು ಕಾಲ ಕಟ್ಟಿದರು.

ಇಷ್ಟೆಲ್ಲ ಇದ್ದೂ ಇದನ್ನು ಒಂದು ಗೋಡೆಯ ತುಂಬ ಬರೆದದ್ದನ್ನು ನಾನೆಲ್ಲೂ ಕಂಡಿಲ್ಲ. ನಮ್ಮ ಶಾಲೆಗಳ ಗೋಡೆಯ ಮೇಲೆ ಜಾಲಿಂಗರನ ಹದಿನೈದು ಜನರ ನಕಲು, ನಕಲಿನ ನಕಲು ನಡೆಯುತ್ತಿರುತ್ತದೆ, ಕೆಲವು ಕಡೆ ಜಾಗ ಸಾಲದೆ ಆರೇ ಜನ. ಪಂಡಿತರ ಊರಿನಲ್ಲಿ ಇಂದಿಗೂ ಚಿತ್ರ ಕಲಿತ ಹುಡುಗಿಯರಿಗೆ ಬರವಿಲ್ಲ. ಅವರಲ್ಲೊಬ್ಬಳು ಇಸಾಂಪುರವನ್ನು ಬರೆಯುವುದಾದರೆ ಮೊದಲು ಅಲ್ಲಿಗೇ ಹೋಗಿ ಬರಲಿ, ಅಲ್ಲಿಯ ಸುಣ್ಣಕಲ್ಲಿನ ಬಣ್ಣ ನೋಡಲಿ, ಬಿಸಿಲು ಯಾವ ಕಡೆಯಿಂದ ಬೀಳುತ್ತದೆಂದು ನೋಡಲಿ. ಆಮೇಲೆ ಆ ಬಂಡೆಯ ಪಕ್ಕ ಕೈಯಲ್ಲಿ ಕಲ್ಲು ಹಿಡಿದು ಕೂತವಳನ್ನು ಬರೆಯಲಿ, ಮೊಣಕಾಲ ಹತ್ತಿರ ಚೂರು ಆಯುವ ಒಂದು ಕೂಸನ್ನೂ ಕೂಡಿಸಲಿ. ಕಲ್ಲು ಒಡೆದದ್ದು ಗಂಡಸೇ ಎನ್ನುವ ಸಾಕ್ಷಿ ಆ ಚೂರುಗಳಲ್ಲಿ ಎಲ್ಲಿಯೂ ಇಲ್ಲ.