ಅಡಿಕೆ ತೋಟದ ಮೇಲೊಂದು ಡೈಪೋಲ್

ಭದ್ರಾ ನಾಲೆಯ ನೀರುಂಡ ಹದಡಿ ಸೀಮೆಯಲ್ಲಿ ಹ್ಯಾಮ್ ರೇಡಿಯೊ ಆಂಟೆನಾ ಕಟ್ಟಹೊರಟವರಿಗೆ ಮೊದಲು ಸಿಗುವ ಬುದ್ಧಿಮಾತು ಒಂದೇ: ‘ಸಿಗ್ನಲ್ಲನ್ನೆಲ್ಲ ಮರ ನುಂಗುತ್ತದೆ, ಒಂದು ಸಾಲು ಕಡಿಸಿ ಟವರ್ ನಿಲ್ಲಿಸಿ.’ ಈ ಟವರ್ ಪಂಥದವರ ಜೊತೆ ನನ್ನ ತಕರಾರು ಹಳೆಯದು.

ಮರ ಎಲ್ಲ ತರಂಗಗಳನ್ನೂ ಒಂದೇ ಸಮ ತಡೆಯುವುದಿಲ್ಲ. ನಲವತ್ತು ಮೀಟರ್ ಬ್ಯಾಂಡಿನ 7.1 ಮೆಗಾಹರ್ಟ್ಸ್ ತರಂಗದ ಉದ್ದ ಸುಮಾರು 42 ಮೀಟರ್. ಗೇಣು ದಪ್ಪದ ಅಡಿಕೆ ಕಾಂಡ ಅದಕ್ಕೆ ಲೆಕ್ಕಕ್ಕಿಲ್ಲ. 10 ಮೀಟರ್ ಎತ್ತರದಲ್ಲಿ ಅಡ್ಡಕ್ಕೆ ಎಳೆದ ಡೈಪೋಲ್ ಎಂಬ ತಂತಿ ಆಂಟೆನಾ ತನ್ನ ಶಕ್ತಿಯ ಬಹುಪಾಲನ್ನು ಮೇಲಕ್ಕೇ ಕಳಿಸುತ್ತದೆ. ಅಯಾನುಗೋಳಕ್ಕೆ ತಾಗಿ ಅದು ಮರಳಿ ಇಳಿಯುವುದು ಧಾರವಾಡ, ಮಂಗಳೂರು, ಬೆಂಗಳೂರುಗಳ ಮೇಲೆ. ಹಗಲಿನ ಮಾತುಕತೆಗೆ ಅಷ್ಟು ಸಾಕು.

ಎರಡು ಮೀಟರ್ ಬ್ಯಾಂಡಿನ ಮಾತೇ ಬೇರೆ. ಹರಿಹರದ ಗೆಳೆಯರನ್ನು 145 ಮೆಗಾಹರ್ಟ್ಸ್‌ನಲ್ಲಿ ಹಿಡಿಯಬೇಕೆಂದರೆ ಕಾಂಡವೂ ಅಡ್ಡಿ, ಸೋಗೆಯೂ ಅಡ್ಡಿ. ಮಳೆಗೆ ತೊಯ್ದರೆ ನಷ್ಟ ಇನ್ನೂ ಹೆಚ್ಚು. ನೆಟ್ಟಗೆ ನಿಂತ ಕಾಂಡಗಳು ಲಂಬ ಧ್ರುವೀಕರಣದ ತರಂಗವನ್ನೇ ಹೆಚ್ಚಾಗಿ ಹೀರುತ್ತವೆ. ಅಲ್ಲಿ ಆಂಟೆನಾ ತೋಟದ ನೆತ್ತಿಗಿಂತ ಮೇಲಿರಲೇಬೇಕು. ಈ ಬ್ಯಾಂಡಿನ ನಿಯಮವನ್ನು ಎಲ್ಲ ಬ್ಯಾಂಡಿಗೂ ಹೇರಿದ್ದು ಟವರ್ ಪಂಥದವರ ತಪ್ಪು.

ಮರವೇ ಆಂಟೆನಾ ಆದದ್ದೂ ಉಂಟು. ಅಮೆರಿಕ ಸೇನೆಯ ಜಾರ್ಜ್ ಓವೆನ್ ಸ್ಕ್ವೈರ್ 1904ರಲ್ಲೇ ಜೀವಂತ ಮರಕ್ಕೆ ಮೊಳೆ ಹೊಡೆದು, ತಂತಿ ಜೋಡಿಸಿ ಸಂಕೇತಗಳನ್ನು ಆಲಿಸಿದರು. ಮೊದಲ ಮಹಾಯುದ್ಧದ ಹೊತ್ತಿಗೆ ಯುರೋಪಿನ ನಿಲ್ದಾಣಗಳೂ ಅವರ ಮರಗಳಿಗೆ ಸಿಕ್ಕವು. ಹಸಿ ಮರದಲ್ಲಿ ವಿದ್ಯುತ್ ಹರಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಚಂದದ ಸಾಕ್ಷಿ ಬೇಡ.

ಅದೇ ಕಾರಣಕ್ಕೆ ನಮ್ಮ ತಂತಿ ಮರಕ್ಕೆ ತಾಗಬಾರದು. ಡೈಪೋಲಿನಲ್ಲಿ ವೋಲ್ಟೇಜ್ ಅತಿ ಹೆಚ್ಚಿರುವುದು ತುದಿಗಳಲ್ಲಿ. ಅಲ್ಲಿ ಒದ್ದೆ ಸೋಗೆ ತಾಗಿದರೆ ಅನುರಣನ ಕದಲುತ್ತದೆ, ಮರಳುವ ಶಕ್ತಿಯನ್ನು ತೋರಿಸುವ ಎಸ್‌ಡಬ್ಲ್ಯೂಆರ್ ಮೀಟರಿನ ಮುಳ್ಳು ಏರುತ್ತದೆ. ತುದಿಗೆ ಇನ್ಸುಲೇಟರ್ ಹಾಕಿ. ಅಲ್ಲಿಂದ ಮರದವರೆಗೆ ಎರಡು ಮೂರು ಮೀಟರ್ ನೈಲಾನ್ ಹಗ್ಗ ಬಿಡಿ. ಹಗ್ಗವನ್ನು ಮರಕ್ಕೆ ಬಿಗಿಯಬೇಡಿ. ರಾಟೆಯ ಮೇಲೆ ಹಾಯಿಸಿ, ಕೆಳಗಿನ ತುದಿಗೆ ಒಂದು ಇಟ್ಟಿಗೆ ತೂಗುಬಿಡಿ. ಗಾಳಿಗೆ ಮರ ತೊನೆದಾಗ ಇಟ್ಟಿಗೆ ಏರಿಳಿಯುತ್ತದೆ, ತಂತಿ ಹರಿಯುವುದಿಲ್ಲ. ಆಯ್ಕೆಯಿದ್ದರೆ ತೆಳ್ಳನೆ ಬಳುಕುವ ಅಡಿಕೆಗಿಂತ ಬದುವಿನ ತೆಂಗು ಮೇಲು. ಕರೆಂಟ್ ಲೈನ್ ಹಾದುಹೋಗುವ ಕಡೆ ಮಾತ್ರ ಯಾವ ತಂತಿಯನ್ನೂ ಎಸೆಯಬೇಡಿ.

ಎತ್ತರದ ಕಂಬ ತೋಟದಲ್ಲೇ ಬೆಳೆದು ನಿಂತಿದೆ. ಫಲ ಕೊಡುವ ಮರಕ್ಕೆ ಕೊಡಲಿ ಹಾಕಿಸುವ ಮೊದಲು ಅದರ ಆಸರೆಯಲ್ಲೇ ಒಂದು ತಂತಿ ಎಳೆದು, ನಲವತ್ತು ಮೀಟರ್ ಬ್ಯಾಂಡಿನಲ್ಲಿ ಕರೆದು ನೋಡಿ.