ಪೀಟರ್ ಪಾರ್ಕರ್‌ನನ್ನು ತಿಂಗಳ ಲೆಕ್ಕದಲ್ಲಿ ಓದುವುದು

‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ನ ಹತ್ತನೆಯ ಸಂಚಿಕೆಯಲ್ಲಿ ಯಾರೂ ಅಷ್ಟಾಗಿ ನೆನಪಿಟ್ಟುಕೊಳ್ಳದ ಒಂದು ಪ್ರಸಂಗವಿದೆ. ಪೀಟರ್ ಪಾರ್ಕರ್‌ನನ್ನು ಸಾಕಿ ಬೆಳೆಸಿದ ದೊಡ್ಡಮ್ಮ ಮೇ ಆಸ್ಪತ್ರೆ ಸೇರಿದ್ದಾಳೆ. ಆಕೆಗೆ ರಕ್ತ ಬೇಕು. ಪೀಟರ್ ಕೊಡುತ್ತಾನೆ. ಆ ಸಂಚಿಕೆಯ ಮುಖ್ಯ ಕಥೆ ಬೇರೆಯೇ ಇದೆ. ಎನ್‌ಫೋರ್ಸರ್ಸ್ ಎಂಬ ಗೂಂಡಾಗಳ ಗುಂಪಿನ ಜೊತೆ ಕಾದಾಟ. ರಕ್ತದಾನ ಅದರ ನಡುವೆ ಬಂದು ಹೋಗುತ್ತದೆ. ಇದು 1964ರ ಮಾರ್ಚ್ ತಿಂಗಳ ಸಂಚಿಕೆ. 1966ರ ಜನವರಿಯ 32ನೆಯ ಸಂಚಿಕೆಗೆ ಬನ್ನಿ. ಮೇ ಸಾವು ಬದುಕಿನ ನಡುವೆ ಇದ್ದಾಳೆ, ಆಕೆಯ ರಕ್ತದಲ್ಲಿ ವಿಕಿರಣದ ಕಣವೊಂದು ಸೇರಿಕೊಂಡಿದೆ. ಎಲ್ಲಿಂದ ಬಂತು ಅದು? ಜೇಡ ಕಚ್ಚಿದ ಹುಡುಗನ ರಕ್ತದಿಂದ. ಅಂದು ಜೀವ ಉಳಿಸಲೆಂದು ಕೊಟ್ಟದ್ದೇ ಈಗ ಆಕೆಯನ್ನು ಕೊಲ್ಲುತ್ತಿದೆ.

32ನೆಯ ಸಂಚಿಕೆಯನ್ನಷ್ಟೇ ಓದಿದವರಿಗೂ ಇದು ಅರ್ಥವಾಗುತ್ತದೆ, ಕಥೆಯೊಳಗೇ ವಿವರಣೆ ಇದೆ. ಆದರೆ ಒಂದರಿಂದ ಹಿಡಿದು ಸಾಲಾಗಿ ಓದಿಕೊಂಡು ಬಂದವರಿಗೆ ಇಲ್ಲಿ ಎದೆ ಧಸಕ್ಕೆನ್ನುತ್ತದೆ. ಆ ರಕ್ತ ಕೊಟ್ಟಾಗ ನಾವೂ ಅಲ್ಲಿದ್ದೆವು, ಅದನ್ನು ಒಳ್ಳೆಯ ಕೆಲಸವೆಂದುಕೊಂಡು ಪುಟ ತಿರುಗಿಸಿದ್ದೆವು. ಒಬ್ಬ ದೀರ್ಘಾಯುಷಿ ನಾಯಕನ ಕಾಮಿಕ್ಸ್‌ಗಳನ್ನು ಮೊದಲಿನಿಂದ ಕ್ರಮವಾಗಿ ಓದುವ ಹವ್ಯಾಸಕ್ಕೆ ಯಾಕಿಷ್ಟು ಸಮಯ ಕೊಡಬೇಕು ಎಂದು ಕೇಳುವವರಿಗೆ ನಾನು ಈ ಎರಡು ಸಂಚಿಕೆಗಳನ್ನೇ ತೋರಿಸುತ್ತೇನೆ.

ನಮ್ಮಲ್ಲಿ ಹೆಚ್ಚಿನವರಿಗೆ ಸ್ಪೈಡರ್‌ಮ್ಯಾನ್ ಪರಿಚಯವಾದದ್ದು ಟಿವಿ ಕಾರ್ಟೂನು ಮತ್ತು ಸಿನಿಮಾಗಳಿಂದ. ಕಾಮಿಕ್ಸ್ ಕೈಗೆ ಸಿಕ್ಕರೂ ಹಳೆ ಪುಸ್ತಕದಂಗಡಿಯ ರಾಶಿಯಿಂದ ಎಳೆದ ಬಿಡಿ ಸಂಚಿಕೆ. ಇದು 1984ರದ್ದು, ಅದು 1971ರದ್ದು, ಮುಂದಿನ ಭಾಗ ಎಂದೂ ಸಿಗದು. ಅಂಥ ಓದಿನಲ್ಲಿ ನಾಯಕ ಸಿಗುತ್ತಾನೆ, ಅವನ ಬಾಳು ಸಿಗುವುದಿಲ್ಲ.

ಕ್ರಮ ಎಂದರೆ ಯಾವ ಕ್ರಮ? ಇಲ್ಲಿ ಎರಡು ಪಂಥಗಳಿವೆ. ಕಥೆಯೊಳಗಿನ ಕಾಲಕ್ಕೆ ತಕ್ಕಂತೆ ಜೋಡಿಸಿ ಓದುವವರದು ಒಂದು. ಪೀಟರ್‌ನ ಬಾಲ್ಯದ ಬಗ್ಗೆ ನಿನ್ನೆ ಮೊನ್ನೆ ಬರೆದ ಕಥೆಯಾದರೂ ಅದನ್ನು ಒಯ್ದು ಮೊದಲಲ್ಲಿ ಇಡುತ್ತಾರೆ. ಅಂಗಡಿಗೆ ಬಂದ ತಿಂಗಳಿನ ಪ್ರಕಾರ ಓದುವವರದು ಇನ್ನೊಂದು. ನಾನು ಎರಡನೆಯ ಪಂಥದವನು, ಇದರಲ್ಲಿ ನನಗೆ ರಾಜಿಯಿಲ್ಲ. ಈ ಕಥೆಯನ್ನು ಒಬ್ಬರು ಕೂತು ಬರೆದಿಲ್ಲ. ತಿಂಗಳಿಗೊಂದರಂತೆ, ಮುಂದೇನಾಗುತ್ತದೆಂದು ತಮಗೂ ಗೊತ್ತಿಲ್ಲದ ಹತ್ತಾರು ಲೇಖಕರು, ಚಿತ್ರಕಾರರು ಸೇರಿಸುತ್ತಾ ಹೋದದ್ದು. ಆ ಕೈಗಳು ಬದಲಾಗುವುದನ್ನು ಕಾಣಬೇಕಾದರೆ ಅವರು ನಡೆದ ದಾರಿಯಲ್ಲೇ ನಡೆಯಬೇಕು.

1984ರ ಕಪ್ಪು ಉಡುಪನ್ನೇ ತೆಗೆದುಕೊಳ್ಳಿ. ಮೇ ತಿಂಗಳ 252ನೆಯ ಸಂಚಿಕೆಯಲ್ಲಿ ಸ್ಪೈಡರ್‌ಮ್ಯಾನ್ ಇದ್ದಕ್ಕಿದ್ದಂತೆ ಕಪ್ಪು ಉಡುಪಿನಲ್ಲಿ ಬಂದಿಳಿಯುತ್ತಾನೆ. ‘ಸೀಕ್ರೆಟ್ ವಾರ್ಸ್’ ಎಂಬ ಇನ್ನೊಂದು ಮಾಲಿಕೆಯಲ್ಲಿ ದೂರದ ಗ್ರಹವೊಂದಕ್ಕೆ ಹೋಗಿ ಬಂದಿದ್ದಾನೆ, ಆದರೆ ಆ ಮಾಲಿಕೆ ಆಗಷ್ಟೇ ಶುರುವಾಗಿದೆ. ಓದುಗ ಅಲ್ಲಿಂದ ತಿಂಗಳುಗಟ್ಟಲೆ ಈ ಬಟ್ಟೆ ಎಲ್ಲಿಯದು ಎಂದು ತಲೆ ಕೆರೆದುಕೊಳ್ಳುತ್ತಾನೆ. ನವೆಂಬರಿನ 258ನೆಯ ಸಂಚಿಕೆಯಲ್ಲಿ ಅದು ಬಟ್ಟೆಯೇ ಅಲ್ಲ, ಮೈಗಂಟಿದ ಜೀವಿ ಎಂಬ ಗುಟ್ಟು ಒಡೆಯುತ್ತದೆ. ಅದು ಅವನಿಗೆ ಸಿಕ್ಕಿದ್ದು ಹೇಗೆ ಎಂದು ‘ಸೀಕ್ರೆಟ್ ವಾರ್ಸ್’ನ ಎಂಟನೆಯ ಸಂಚಿಕೆ ತೋರಿಸುವುದು ಅದಾದ ಮೇಲೆ, ಡಿಸೆಂಬರಿನಲ್ಲಿ. ಅಂದರೆ ಆ ಉಡುಪನ್ನು ಅವನು ಖುಷಿಯಿಂದ ಮೈಗೇರಿಸಿಕೊಳ್ಳುವ ದೃಶ್ಯವನ್ನು ನೋಡುವಾಗ ನಮಗೆ ಅದೇನೆಂದು ಆಗಲೇ ಗೊತ್ತು, ಅವನಿಗೆ ಮಾತ್ರ ಗೊತ್ತಿಲ್ಲ. ಕಥೆಯ ಕಾಲಕ್ಕೆ ತಕ್ಕಂತೆ ಸರಿಪಡಿಸಿ ಓದಿದರೆ ಆರು ತಿಂಗಳ ಕುತೂಹಲವೂ ಹೋಯಿತು, ಕೊನೆಯ ಆ ನಡುಕವೂ ಹೋಯಿತು.

ಶುರು ಎಲ್ಲಿಂದ ಎಂಬುದರಲ್ಲಿ ಗೊಂದಲವಿಲ್ಲ. 1962ರ ಆಗಸ್ಟ್ ಎಂದು ಮುಖಪುಟದಲ್ಲಿರುವ ‘ಅಮೇಜಿಂಗ್ ಫ್ಯಾಂಟಸಿ’ 15. ಒಳಗಿನ ಹನ್ನೊಂದು ಪುಟಗಳ ಕಥೆ ಸ್ಟಾನ್ ಲೀ ಮತ್ತು ಸ್ಟೀವ್ ಡಿಟ್ಕೋ ಅವರದು, ಮುಖಪುಟ ಜ್ಯಾಕ್ ಕರ್ಬಿ ಬರೆದದ್ದು. ಆ ಪತ್ರಿಕೆ ಆ ಸಂಚಿಕೆಗೇ ನಿಂತುಹೋಯಿತು. 1963ರ ಮಾರ್ಚಿನಲ್ಲಿ ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ ಆರಂಭ. ಅಲ್ಲಿಂದ 1966ರ ಜುಲೈಯ 38ನೆಯ ಸಂಚಿಕೆಯವರೆಗೆ ಡಿಟ್ಕೋ ಕಾಲ. ಅವಸರ ಮಾಡದೆ, ದಿನಕ್ಕೆರಡು ಮೂರು ಸಂಚಿಕೆಯಂತೆ ಓದಿ. ಮುಖಪುಟದ ತಿಂಗಳು ಅಂಗಡಿಗೆ ಬಂದ ತಿಂಗಳಿಗಿಂತ ಎರಡು ಮೂರು ತಿಂಗಳು ಮುಂದಿರುತ್ತಿತ್ತು ಎಂಬುದು ನೆನಪಿರಲಿ. ಎಲ್ಲ ಪತ್ರಿಕೆಗಳೂ ಹೆಚ್ಚುಕಡಿಮೆ ಹೀಗೇ ಮಾಡುತ್ತಿದ್ದುದರಿಂದ ಜೋಡಣೆಗೆ ಮುಖಪುಟದ ತಿಂಗಳೇ ಸಾಕು.

ಈ ಮೂವತ್ತೆಂಟರೊಳಗೆ ಡಿಟ್ಕೋ ಸದ್ದಿಲ್ಲದೆ ಬೀಜ ಬಿತ್ತುತ್ತಾ ಹೋಗುತ್ತಾರೆ. 1965ರ ಮಧ್ಯದಿಂದ ಕಥೆ ಹೆಣೆದ ಹೆಗ್ಗಳಿಕೆಯೂ ಅವರ ಹೆಸರಿನಲ್ಲೇ ಅಚ್ಚಾಗುತ್ತದೆ. 23ನೆಯ ಸಂಚಿಕೆಯಲ್ಲಿ ಕಥೆಯಲ್ಲಿ ಬರುವ ದಿನಪತ್ರಿಕೆಯ ಮಾಲೀಕ ಜೇಮ್ಸನ್‌ನ ಕ್ಲಬ್ಬಿನಲ್ಲಿ ವಿಚಿತ್ರ ಕೂದಲಿನ ಒಬ್ಬ ಶ್ರೀಮಂತ ಕಾಣಿಸಿಕೊಳ್ಳುತ್ತಾನೆ. ಅವನಿಗೆ ಹೆಸರಿಲ್ಲ. 37ನೆಯದರಲ್ಲಿ ಅವನು ನಾರ್ಮನ್ ಆಸ್ಬಾರ್ನ್ ಎಂದು ಗೊತ್ತಾಗುತ್ತದೆ, 39ನೆಯದರಲ್ಲಿ ಅವನೇ ಖಳನಾಯಕ ಗ್ರೀನ್ ಗಾಬ್ಲಿನ್. ಮೇರಿ ಜೇನ್‌ಳ ಕಥೆ ಇನ್ನೂ ಉದ್ದ. ಪಕ್ಕದ ಮನೆಯವರ ಬಂಧುವಿನ ಮಗಳು ಎಂಬ ಮಾತು 15ನೆಯ ಸಂಚಿಕೆಯಲ್ಲಿ ಬರುತ್ತದೆ. ದೊಡ್ಡಮ್ಮ ಆಕೆಯನ್ನು ನೋಡು ನೋಡು ಎಂದು ಗಂಟುಬೀಳುತ್ತಾಳೆ, ಇವನು ಜಾರಿಕೊಳ್ಳುತ್ತಾನೆ. 25ನೆಯದರಲ್ಲಿ ಆಕೆ ಬರುತ್ತಾಳೆ, ಆದರೆ ಮುಖ ನಮಗೆ ಕಾಣದು. ಕಂಡದ್ದು 1966ರ ನವೆಂಬರಿನ 42ನೆಯ ಸಂಚಿಕೆಯ ಕೊನೆಯ ಪುಟದಲ್ಲಿ. ಎರಡು ವರ್ಷಕ್ಕೂ ಮೀರಿದ ಕಾಯುವಿಕೆ. ಆ ಚಿತ್ರವನ್ನು ಮುದ್ರಿಸಿದ ಟೀ ಶರಟುಗಳನ್ನು ನಾನು ನೋಡಿದ್ದೇನೆ. ಬಿಡಿಯಾಗಿ ಅದೊಂದು ಚೆಲುವೆಯ ಚಿತ್ರ ಅಷ್ಟೇ. ಹಿಂದಿನ ಇಪ್ಪತ್ತೇಳು ಸಂಚಿಕೆಗಳ ತಪ್ಪಿಸಿಕೊಳ್ಳುವಿಕೆ ಬೆನ್ನಿಗಿದ್ದಾಗಲೇ ಅದು ಹಬ್ಬ.

ಇನ್ನು 33ನೆಯ ಸಂಚಿಕೆ. ದೊಡ್ಡಮ್ಮನನ್ನು ಉಳಿಸಬಲ್ಲ ಔಷಧದ ಡಬ್ಬಿ ನಾಲ್ಕು ಹೆಜ್ಜೆ ಆಚೆ ಬಿದ್ದಿದೆ. ಸ್ಪೈಡರ್‌ಮ್ಯಾನ್ ಬೆಟ್ಟದಂಥ ಯಂತ್ರದಡಿ ಸಿಕ್ಕಿಕೊಂಡಿದ್ದಾನೆ. ನೀರಿನಡಿಯ ಅಡಗುತಾಣದ ಚಾವಣಿ ಸೋರುತ್ತಿದೆ, ನೀರು ಏರುತ್ತಿದೆ. ಮೊದಲ ಐದು ಪುಟ ಇದಷ್ಟೇ. ಎದುರಾಳಿ ಇಲ್ಲ, ಹೊಡೆದಾಟ ಇಲ್ಲ. ಒಬ್ಬ ಮನುಷ್ಯ, ಒಂದು ಭಾರ. ಡಿಟ್ಕೋ ಚೌಕಟ್ಟುಗಳನ್ನು ಜೋಡಿಸಿದ ರೀತಿ ನೋಡಿ. ಮೊದಮೊದಲು ಅವು ಚಿಕ್ಕವು, ಇಕ್ಕಟ್ಟಿನವು. ಯಂತ್ರ ಮೇಲಿನಿಂದ ಅವನನ್ನು ಒತ್ತುತ್ತದೆ. ಕಾಪಾಡಲಾಗದೆ ಕಳೆದುಕೊಂಡ ದೊಡ್ಡಪ್ಪ ಬೆನ್, ಈಗ ಕಳೆದುಕೊಳ್ಳಲಿರುವ ದೊಡ್ಡಮ್ಮ, ಇಬ್ಬರ ಮುಖಗಳೂ ಕಣ್ಮುಂದೆ ಬರುತ್ತವೆ. ಅವನು ಇಂಚಿಂಚಾಗಿ ಮೇಲೇಳುತ್ತಿದ್ದಂತೆ ಚೌಕಟ್ಟುಗಳೂ ದೊಡ್ಡದಾಗುತ್ತವೆ. ಐದನೆಯ ಪುಟ ಇಡಿಯಾಗಿ ಒಂದೇ ಚಿತ್ರ, ಭಾರ ಅವನ ಹೆಗಲ ಮೇಲಿಂದ ಎದ್ದಿದೆ. ಕಾಮಿಕ್ಸ್ ಎಂಬ ಮಾಧ್ಯಮ ಮಾತ್ರ ಮಾಡಬಲ್ಲ ಕೆಲಸ ಇದು. ನನ್ನ ಮಟ್ಟಿಗೆ ಅಮೆರಿಕದ ಸೂಪರ್‌ಹೀರೋ ಕಾಮಿಕ್ಸ್‌ನಲ್ಲಿ ಇದಕ್ಕಿಂತ ದೊಡ್ಡ ಐದು ಪುಟಗಳಿಲ್ಲ.

ಒಂದೇ ಪತ್ರಿಕೆಗೆ ಅಂಟಿಕೊಂಡರೆ ತಪ್ಪಿಹೋಗುವ ಸಂಗತಿಗಳಿವೆ. ಡಿಟ್ಕೋ ಬಿಟ್ಟುಹೋದ ಮೇಲೆ ಜಾನ್ ರೊಮಿಟಾ ಎಲ್ಲಿಂದ ಬಂದರು ಎಂಬುದಕ್ಕೆ ಉತ್ತರ 1966ರ ‘ಡೇರ್‌ಡೆವಿಲ್’ 16 ಮತ್ತು 17ರಲ್ಲಿದೆ. ಸ್ಪೈಡರ್‌ಮ್ಯಾನ್ ಅಲ್ಲಿಗೆ ಅತಿಥಿಯಾಗಿ ಹೋಗುತ್ತಾನೆ, ಚಿತ್ರ ರೊಮಿಟಾ ಅವರದು. ಕೆಲವೇ ತಿಂಗಳಲ್ಲಿ 39ನೆಯ ಸಂಚಿಕೆ ಅವರ ಕೈಗೆ ಬರುತ್ತದೆ. ಶುರುವಿನಲ್ಲಿ ಡಿಟ್ಕೋ ರೇಖೆಯನ್ನು ಅನುಸರಿಸಲು ಅವರು ಪಡುವ ಪಾಡು, ಆಮೇಲೆ ನಿಧಾನಕ್ಕೆ ಎಲ್ಲರ ಮುಖವೂ ದುಂಡಗೆ, ಚೆಂದಗೆ ಆಗುತ್ತಾ ಹೋಗುವುದು, ಸಾಲಾಗಿ ಓದಿದರೆ ಪುಟಪುಟದಲ್ಲೂ ಕಾಣುತ್ತದೆ.

1972ರಿಂದ ‘ಮಾರ್ವೆಲ್ ಟೀಮ್-ಅಪ್’, 1976ರ ಕೊನೆಯಿಂದ ‘ಸ್ಪೆಕ್ಟಾಕ್ಯುಲರ್’, 1985ರಿಂದ ‘ವೆಬ್ ಆಫ್ ಸ್ಪೈಡರ್‌ಮ್ಯಾನ್’ ಸೇರಿಕೊಂಡು ದಾರಿ ಕವಲೊಡೆಯುತ್ತದೆ. ‘ಟೀಮ್-ಅಪ್’ನಲ್ಲಿ ಕ್ರಿಸ್ ಕ್ಲೇರ್‌ಮಾಂಟ್, ಜಾನ್ ಬರ್ನ್ ಜೋಡಿಯ ಕಥೆಗಳನ್ನು ಬಿಡಬೇಡಿ, ಉಳಿದ ಬಹುಪಾಲು ಬಿಟ್ಟರೂ ನಷ್ಟವಿಲ್ಲ. ಆದರೆ 1987ಕ್ಕೆ ಬರುವ ಹೊತ್ತಿಗೆ ‘ಅಮೇಜಿಂಗ್’, ‘ಸ್ಪೆಕ್ಟಾಕ್ಯುಲರ್’, ‘ವೆಬ್’ ಮೂರೂ ಪತ್ರಿಕೆಗಳು ಪಕ್ಕದಲ್ಲಿರಬೇಕು. ಡಿಮ್ಯಾಟಿಸ್ ಬರೆದು ಮೈಕ್ ಝೆಕ್ ಚಿತ್ರಿಸಿದ ‘ಕ್ರೇವನ್ಸ್ ಲಾಸ್ಟ್ ಹಂಟ್’ನ ಆರು ಭಾಗಗಳು ‘ವೆಬ್’ 31, ‘ಅಮೇಜಿಂಗ್’ 293, ‘ಸ್ಪೆಕ್ಟಾಕ್ಯುಲರ್’ 131, ಮತ್ತೆ ಅದೇ ಸರದಿಯಲ್ಲಿ 32, 294, 132 ಎಂದು ಹಂಚಿಹೋಗಿವೆ. ಬರೀ ‘ಅಮೇಜಿಂಗ್’ ಓದುವವರಿಗೆ ಸಿಗುವುದು ಎರಡನೆಯ ಮತ್ತು ಐದನೆಯ ಭಾಗ. ಸ್ಪೈಡರ್‌ಮ್ಯಾನ್ ಮಣ್ಣಡಿಯಲ್ಲಿ ಹೂತುಹೋಗಿರುವ ಕಥೆ ಅದು. ಮೊದಲೂ ಇಲ್ಲದೆ ಕೊನೆಯೂ ಇಲ್ಲದೆ ಅದನ್ನು ಓದುವುದು ಅದಕ್ಕೆ ಮಾಡುವ ಅನ್ಯಾಯ.

ಕಾಲದ ಆಟವೂ ಸಾಲು ಓದಿನಲ್ಲೇ ತಿಳಿಯುತ್ತದೆ. ಪೀಟರ್ 1965ರ ಸೆಪ್ಟೆಂಬರಿನ 28ನೆಯ ಸಂಚಿಕೆಯಲ್ಲಿ ಹೈಸ್ಕೂಲು ಮುಗಿಸುತ್ತಾನೆ, ಡಿಸೆಂಬರಿನಲ್ಲಿ ಕಾಲೇಜು ಸೇರುತ್ತಾನೆ. ಕಾಲೇಜಿನ ಪದವಿ ಸಮಾರಂಭ ಬರುವುದು 1978ರ ಅಕ್ಟೋಬರಿನಲ್ಲಿ, 185ನೆಯ ಸಂಚಿಕೆಯಲ್ಲಿ. ಆಗಲೂ ವ್ಯಾಯಾಮ ತರಗತಿಯ ಬಾಕಿಯಿಂದಾಗಿ ಪದವಿ ಕೈಗೆ ಬರುವುದಿಲ್ಲ! ಮೊದಲ ಮೂರು ವರ್ಷ ಓದುಗರ ಜೊತೆಜೊತೆಗೇ ಬೆಳೆದ ಹುಡುಗ ಆಮೇಲೆ ಹದಿಮೂರು ವರ್ಷ ಒಂದೇ ಕಾಲೇಜಿನಲ್ಲಿ ಉಳಿಯುತ್ತಾನೆ. ಮಾರಾಟವಾಗುತ್ತಿರುವ ನಾಯಕನಿಗೆ ವಯಸ್ಸಾಗಲು ಬಿಡಬಾರದೆಂಬ ವ್ಯಾಪಾರದ ಲೆಕ್ಕ ಕಥೆಯೊಳಕ್ಕೆ ಬಂದದ್ದು ಹೀಗೆ. ಇಲ್ಲಿ ಏನೋ ನಿಂತುಹೋಯಿತಲ್ಲ ಎಂಬ ಬೇಸರ ನಿಮಗೂ ಆಗುತ್ತದೆ, ಆಗಬೇಕು.

ಆ ಬೇಸರ ಹೆಚ್ಚು ಹೊತ್ತು ಉಳಿಯದಂತೆ ಮಾಡುವುದು 1973ರ ಜೂನ್, ಜುಲೈ. 121ನೆಯ ಸಂಚಿಕೆಯಲ್ಲಿ ಗಾಬ್ಲಿನ್ ಸೇತುವೆಯ ಮೇಲಿಂದ ಪೀಟರ್‌ನ ಪ್ರೇಯಸಿ ಗ್ವೆನ್‌ಳನ್ನು ತಳ್ಳುತ್ತಾನೆ, ಸ್ಪೈಡರ್‌ಮ್ಯಾನ್ ಬಲೆ ಎಸೆದು ಹಿಡಿಯುತ್ತಾನೆ, ಅವಳು ಬದುಕುವುದಿಲ್ಲ. ಲೇಖಕ ಜೆರ್ರಿ ಕಾನ್ವೇ, ಚಿತ್ರ ಗಿಲ್ ಕೇನ್. ಬಲೆ ಅವಳನ್ನು ಹಿಡಿದ ಚೌಕಟ್ಟಿನಲ್ಲಿ, ಕುತ್ತಿಗೆಯ ಪಕ್ಕದಲ್ಲಿ, ಸಣ್ಣ ಅಕ್ಷರದಲ್ಲಿ ಮುರಿದ ಸದ್ದೊಂದಿದೆ. ಗಮನಿಸದೆ ದಾಟಬಹುದಾದಷ್ಟು ಚಿಕ್ಕದು. ಕೊಂದದ್ದು ಬೀಳುವಿಕೆಯೋ, ಹಿಡಿದ ಬಲೆಯೋ ಎಂದು ಓದುಗರು ಪತ್ರ ಬರೆದರು; ತಟ್ಟನೆ ನಿಂತ ಜಗ್ಗಿಗೆ ಕುತ್ತಿಗೆ ಮುರಿಯಿತೆಂಬ ಉತ್ತರ 125ನೆಯ ಸಂಚಿಕೆಯ ಪತ್ರಗಳ ಪುಟದಲ್ಲಿ ಬಂತು. ಮರುಮುದ್ರಣದ ಹಲವು ಸಂಪುಟಗಳಲ್ಲಿ ಪತ್ರಗಳ ಪುಟ ಇರುವುದಿಲ್ಲ. ಎರಡು ಸಂಪುಟಗಳ ನಡುವೆ ಆರಿಸಿಕೊಳ್ಳುವ ಸಂದರ್ಭ ಬಂದರೆ ಪತ್ರಗಳಿರುವುದನ್ನೇ ಕೊಳ್ಳಿ. 122ನೆಯದರ ಕೊನೆಯಲ್ಲಿ ದುಃಖದಿಂದ ಕುದಿಯುತ್ತಿರುವ ಪೀಟರ್ ಮೇರಿ ಜೇನ್‌ಳ ಮೇಲೆ ಹರಿಹಾಯುತ್ತಾನೆ. ಅವಳು ಬಾಗಿಲವರೆಗೆ ಹೋಗುತ್ತಾಳೆ, ಬಾಗಿಲು ಮುಚ್ಚುತ್ತಾಳೆ, ಒಳಗೇ ಉಳಿಯುತ್ತಾಳೆ. 42ನೆಯ ಸಂಚಿಕೆಯಿಂದ ಅವಳನ್ನು ಬರೀ ಕುಣಿತ, ನಗು, ಪಾರ್ಟಿ ಎಂದು ಕಂಡುಕೊಂಡು ಬಂದವರಿಗೆ ಅವಳು ದೊಡ್ಡವಳಾದ ಗಳಿಗೆ ಇದು.

ಓದಲು ಏನು ಕೊಳ್ಳಬೇಕು ಎಂದು ಕೇಳುವವರಿಗೆ ಒಂದು ಎಚ್ಚರಿಕೆ: ಮಾರ್ವೆಲ್‌ನ ‘ಎಪಿಕ್ ಕಲೆಕ್ಷನ್’ ಸಂಪುಟಗಳು ಕ್ರಮಸಂಖ್ಯೆಯ ಪ್ರಕಾರ ಹೊರಬರುವುದಿಲ್ಲ, ಹಾಗಾಗಿ ನಡುವೆ ಖಾಲಿ ಸಿಗುತ್ತದೆ. ಕಪ್ಪುಬಿಳುಪಿನ ಹಳೆಯ ‘ಎಸೆನ್ಷಿಯಲ್’ ಸಂಪುಟಗಳು ಎಲ್ಲಾದರೂ ಸಿಕ್ಕರೆ ಬಿಡಬೇಡಿ, ಡಿಟ್ಕೋ ರೇಖೆ ಬಣ್ಣವಿಲ್ಲದೆ ಇನ್ನೂ ಚೂಪು. ಚಂದಾ ಕಟ್ಟಿ ಓದುವ ‘ಮಾರ್ವೆಲ್ ಅನ್‌ಲಿಮಿಟೆಡ್’ ಆ್ಯಪ್ ಇದೆ. 1999, 2014, 2015, 2018, 2022 ಹೀಗೆ ಪದೇ ಪದೇ ‘ಅಮೇಜಿಂಗ್’ ಮತ್ತೆ ಒಂದನೆಯ ಸಂಚಿಕೆಯಿಂದ ಎಣಿಕೆ ಶುರುಮಾಡಿದೆ, ನಡುವೆ 2003ರಲ್ಲಿ ಎಲ್ಲ ಕೂಡಿಸಿ 500 ಎಂದು ಅಚ್ಚುಹಾಕಿದ್ದೂ ಇದೆ. ಸಂಖ್ಯೆಯನ್ನು ನಂಬಿದರೆ ದಾರಿ ತಪ್ಪುತ್ತೀರಿ. ಒಂದು ನೋಟ್‌ಬುಕ್ಕಿನಲ್ಲಿ ವರ್ಷ, ತಿಂಗಳು ಬರೆದುಕೊಂಡು ಅದರೆದುರು ಸಂಚಿಕೆಗಳನ್ನು ಗುರುತು ಹಾಕುತ್ತಾ ಹೋಗುವುದು ಒಳ್ಳೆಯದು.

ಕರ್ಟ್ ಬ್ಯೂಸಿಕ್ ಬರೆದ ‘ಅನ್‌ಟೋಲ್ಡ್ ಟೇಲ್ಸ್ ಆಫ್ ಸ್ಪೈಡರ್‌ಮ್ಯಾನ್’ ಎಲ್ಲಿಗೆ ಸೇರಬೇಕು ಎಂಬ ಬಗ್ಗೆ ಎರಡು ಪಂಥಗಳ ನಡುವೆ ಈಗಲೂ ಜಗಳವಿದೆ. ಪೀಟರ್‌ನ ಹೈಸ್ಕೂಲು ದಿನಗಳಲ್ಲಿ, ಡಿಟ್ಕೋ ಕಾಲದ ಸಂಚಿಕೆಗಳ ಸಂದುಗಳಲ್ಲಿ ಕೂರುವಂತೆ ಬರೆದ ಕಥೆಗಳವು, ಪ್ಯಾಟ್ ಒಲಿಫ್ ಅವರ ಚಿತ್ರಗಳೂ ಹಾಗೆಯೇ ಹೊಂದುತ್ತವೆ. ಕಥೆಯ ಕಾಲ ನೋಡುವವರು ಅವನ್ನು 1963ರ ಸಂಚಿಕೆಗಳ ನಡುವೆ ತೂರಿಸುತ್ತಾರೆ. ಅವು ಅಂಗಡಿಗೆ ಬಂದ ಕಾಲ ನೋಡಿ. 1975ರ 149ನೆಯ ಸಂಚಿಕೆಯಲ್ಲಿ ಪೀಟರ್‌ನ ತದ್ರೂಪಿಯೊಬ್ಬ ಬಂದು ಸತ್ತಿದ್ದ. 1994ರಲ್ಲಿ ಅವನನ್ನು ಮತ್ತೆ ತಂದರು. 1995ರ ಮಧ್ಯದಲ್ಲಿ ‘ಸ್ಪೆಕ್ಟಾಕ್ಯುಲರ್’ 226ನೆಯ ಸಂಚಿಕೆ, ಇಪ್ಪತ್ತು ವರ್ಷ ನೀವು ಓದಿದ್ದು ತದ್ರೂಪಿಯ ಬಾಳನ್ನು, ಅಸಲಿ ಪೀಟರ್ ಬೇರೆಯೇ ಇದ್ದಾನೆ ಎಂದು ಹೇಳಿಬಿಟ್ಟಿತು. ಓದುಗರು ರೊಚ್ಚಿಗೆದ್ದರು. 1996ರ ಕೊನೆಗೆ ಆ ಮಾತನ್ನು ಹಿಂದಕ್ಕೆ ಪಡೆಯಲಾಯಿತು. ‘ಅನ್‌ಟೋಲ್ಡ್ ಟೇಲ್ಸ್’ನ ಮೊದಲ ಸಂಚಿಕೆ ಬಂದದ್ದು 226ರ ಘೋಷಣೆಯಾದ ಎರಡೇ ತಿಂಗಳಿಗೆ, 1995ರ ಸೆಪ್ಟೆಂಬರ್ ಎಂಬ ಮುಖಪುಟದಲ್ಲಿ, ಬರೀ 99 ಸೆಂಟಿಗೆ. ಪಕ್ಕದ ಪತ್ರಿಕೆಗಳೆಲ್ಲ ಅಸಲಿ ಯಾರು, ನಕಲಿ ಯಾರು ಎಂದು ಒದ್ದಾಡುತ್ತಿದ್ದ ತಿಂಗಳುಗಳಲ್ಲಿ ಇದೊಂದು ಅಗ್ಗದ ಪತ್ರಿಕೆ ಕನ್ನಡಕದ ಶಾಲಾಹುಡುಗನನ್ನು, ಅವನ ಖಾಲಿ ಜೇಬನ್ನು, ಮನೆಯಲ್ಲಿ ಕಾಯುವ ದೊಡ್ಡಮ್ಮನನ್ನು ಸರಳವಾಗಿ ಹೇಳುತ್ತಿತ್ತು. ಅದನ್ನು 1963ಕ್ಕೆ ಒಯ್ದರೆ ಒಳ್ಳೆಯ ಕಥೆಗಳು ಮಾತ್ರ ಉಳಿಯುತ್ತವೆ. 1995ರಲ್ಲೇ ಬಿಟ್ಟರೆ ಅದರ ಒಂದೊಂದು ಪುಟವೂ ಪಕ್ಕದಲ್ಲಿ ನಡೆಯುತ್ತಿದ್ದ ರಂಪಕ್ಕೆ ಕೊಟ್ಟ ಉತ್ತರವಾಗಿ ಓದಿಸಿಕೊಳ್ಳುತ್ತದೆ. ನನ್ನ ಪಟ್ಟಿಯಲ್ಲಿ ಅದು ‘ಸ್ಪೆಕ್ಟಾಕ್ಯುಲರ್’ 226ರ ನಂತರವೇ ಇದೆ.